ಸ್ಟೀರಿಯೊಗೆ ಎಫ್‌ಎಂ ಆಂಟೆನಾ: ಬೂಸ್ಟರ್ ಬಿಡಿ, ತಾರಸಿ ಹತ್ತಿ

ಮನೆಯಲ್ಲಿ ಒಳ್ಳೆಯ ರಿಸೀವರ್ ಇದೆ, ದೊಡ್ಡ ಸ್ಪೀಕರ್‌ಗಳಿವೆ. ಆದರೆ ಎಫ್‌ಎಂ ಹಾಕಿದರೆ ಹಾಡಿಗಿಂತ ಬುಸ್ ಸದ್ದೇ ಜಾಸ್ತಿ. ದಾವಣಗೆರೆಯಲ್ಲಿ ಕೂತು ಚಿತ್ರದುರ್ಗ ಆಕಾಶವಾಣಿಯ 102.6 ಹಿಡಿಯಲು ನೋಡುವವರಿಗೆ ಈ ಕಾಟ ಗೊತ್ತು. ಹೆಚ್ಚಿನ ಸಲ ರಿಸೀವರ್ ಚೆನ್ನಾಗಿಯೇ ಇರುತ್ತದೆ. ಅದರ ಬೆನ್ನಿಗೆ ಜೋತುಬಿದ್ದ ತುಂಡು ವೈರಿನಿಂದಲೇ ತೊಂದರೆ.

ಎಫ್‌ಎಂ ಅಲೆಗಳು ಹೆಚ್ಚುಕಡಿಮೆ ನೇರಕ್ಕೆ ಸಾಗುತ್ತವೆ. ನಡುವೆ ಗುಡ್ಡ, ಕಟ್ಟಡ ಬಂದರೆ ಸೊರಗುತ್ತವೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿ.ಮೀ. ಇಷ್ಟು ದೂರಕ್ಕೆ ಎತ್ತರವೇ ದೊಡ್ಡ ಬಲ. ಶೋಕೇಸ್ ಹಿಂದೆ ಇಟ್ಟ ದುಬಾರಿ ಆಂಟೆನಾಕ್ಕಿಂತ ತಾರಸಿ ಮೇಲಿನ ಒಂದೂವರೆ ಮೀಟರ್ ವೈರ್ ಎಷ್ಟೋ ಮೇಲು.

ಚಿತ್ರದುರ್ಗ ಊರಲ್ಲೇ ಇರುವವರ ಸಮಸ್ಯೆ ಬೇರೆ. ಅಲ್ಲಿ ಸಿಗ್ನಲ್ ಜೋರಾಗಿದೆ, ಆದರೆ ಸುತ್ತ ಬಂಡೆಗುಡ್ಡಗಳು. ಅದೇ ಅಲೆ ನೇರವಾಗಿಯೂ ಬರುತ್ತದೆ, ಬಂಡೆಗೆ ಬಡಿದು ತುಸು ತಡವಾಗಿಯೂ ಬರುತ್ತದೆ. ಎರಡೂ ಸೇರಿದಾಗ ಮಾತಿನ ‘ಸ’, ‘ಶ’ ಒಡೆದಂತೆ ಕೇಳುತ್ತವೆ. ಅವರಿಗೆ ರಿಸೀವರ್ ಜೊತೆ ಬರುವ ‘ಟಿ’ ಆಕಾರದ ವೈರ್ ಸಾಕಾಗಬಹುದು. ಅದರ ಎರಡು ತೋಳನ್ನೂ ಪೂರ್ತಿ ಬಿಡಿಸಿ ಗೋಡೆಗೆ ಅಂಟಿಸಿ, ಜಾಗ ಬದಲಿಸುತ್ತಾ ನೋಡಬೇಕು. ಒಂದು ಮೊಳ ಆಚೀಚೆ ಸರಿಸಿದರೂ ಸದ್ದು ಬದಲಾಗುತ್ತದೆ.

ಕೊಳ್ಳುವ ಮುಂಚೆ ರಿಸೀವರ್ ಬೆನ್ನು ನೋಡಿ. ಎಫ್‌ಎಂ ಎಂದು ಬರೆದ ಕಡೆ ಕೇಬಲ್ ಟಿವಿಯಂಥ ದುಂಡು ಪಿನ್ ಇದ್ದರೆ ಅದು 75 ಓಂ (ರಿಸೀವರ್, ಕೇಬಲ್ ಒಂದಕ್ಕೊಂದು ಹೊಂದಬೇಕಾದ ಅಳತೆ). ಎರಡು ಸ್ಕ್ರೂ ಇದ್ದು 300 ಓಂ ಎಂದಿದ್ದರೆ, ನಡುವೆ ಬೆರಳುದ್ದದ ಒಂದು ಟ್ರಾನ್ಸ್‌ಫಾರ್ಮರ್ ಬೇಕು. ಹಳೆ ಟಿವಿ ಆಂಟೆನಾ ಕಾಲದಲ್ಲಿ ಅದು ಮನೆಮನೆಯಲ್ಲೂ ಇರುತ್ತಿತ್ತು. ಎಎಂ ಎಂದಿರುವ ಜಾಗಕ್ಕೆ ಈ ಆಂಟೆನಾ ಸಿಕ್ಕಿಸಬೇಡಿ.

ಮಕ್ಕಳು ಅಮೆರಿಕದಿಂದ ತಂದುಕೊಟ್ಟ ರಿಸೀವರ್ ಆದರೆ ಇನ್ನೊಂದು ವಿಷಯ. ಅಲ್ಲಿನ ಕೆಲವು ಮಾಡೆಲ್‌ಗಳು 102.5, 102.7 ಹೀಗೆ ಬೆಸ ಅಂಕಿಗಳಲ್ಲೇ ಹಾರುತ್ತವೆ. 102.6 ನಡುವೆ ತಪ್ಪಿಹೋಗುತ್ತದೆ. ಬೆನ್ನಿನ ಸ್ವಿಚ್‌ನಲ್ಲೋ ಮೆನುವಿನಲ್ಲೋ ಟ್ಯೂನಿಂಗ್ ಹೆಜ್ಜೆ ಬದಲಿಸುವ ಅವಕಾಶ ಇದೆಯೇ ನೋಡಿ. ಇದನ್ನು ನೋಡದೆ ಆಂಟೆನಾಕ್ಕೆ ದುಡ್ಡು ಸುರಿದರೆ ಸುಮ್ನೆ ದಂಡ.

ಈಗ ಆಂಟೆನಾ. ಅಂಗಡಿಯಲ್ಲಿ ಸಿಕ್ಕರೆ ಸರಿ, ಇಲ್ಲದಿದ್ದರೆ ಮನೆಯಲ್ಲೇ ಮಾಡಬಹುದು. ಲೆಕ್ಕ ಸುಲಭ: 143 ಅನ್ನು ಸ್ಟೇಷನ್ ನಂಬರಿನಿಂದ ಭಾಗಿಸಿ, ಬಂದದ್ದು ಮೀಟರಿನಲ್ಲಿ ಪೂರ್ತಿ ಉದ್ದ. 102.6ಕ್ಕೆ ಅದು 1.39 ಮೀಟರ್. ಅಂದರೆ 70 ಸೆಂ.ಮೀ.ಗಿಂತ ತುಸು ಕಡಿಮೆ ಉದ್ದದ ಎರಡು ತೋಳು. ಒಂದೆರಡು ಸೆಂ.ಮೀ. ಹೆಚ್ಚುಕಡಿಮೆ ಆದರೆ ಚಿಂತೆಯಿಲ್ಲ. ಮನೆ ವೈರಿಂಗ್‌ನ ತಾಮ್ರದ ವೈರ್ ಸಾಕು. ಒಂದೂವರೆ ಮೀಟರ್ ಪಿವಿಸಿ ಪೈಪಿನ ನಡುವೆ ಸ್ಕ್ರೂ ಕನೆಕ್ಟರ್ ಕೂರಿಸಿ, ಎರಡು ತೋಳನ್ನು ಎರಡು ಕಡೆಗೆ ಎಳೆದು ಪೈಪಿಗೇ ಕಟ್ಟಿ. ತೋಳುಗಳು ನಡುವೆ ಒಂದಕ್ಕೊಂದು ತಾಗಬಾರದು.

ಆಂಟೆನಾದಿಂದ ರಿಸೀವರ್‌ಗೆ ಎಳೆಯಲು ಡಿಶ್‌ಗೆ ಬಳಸುವ ಆರ್‌ಜಿ-6 ಕೇಬಲ್ ಆಗುತ್ತದೆ, ಅದು 75 ಓಂ. ಡಿಶ್ ತೆಗೆಸಿದ್ದರೆ ಹಳೆ ಕೇಬಲನ್ನೇ ಬಳಸಿ. ಡಿಶ್ ನಡೆಯುತ್ತಿದ್ದರೆ ಮಾತ್ರ ಆ ಕೇಬಲ್ ಮುಟ್ಟಬೇಡಿ. ಅದರಲ್ಲಿ 13ರಿಂದ 18 ವೋಲ್ಟ್ ಹರಿಯುತ್ತಿರುತ್ತದೆ, ರಿಸೀವರ್ ಹಾಳಾಗಬಹುದು.

ಕೇಬಲ್ ತುದಿ ಸುಲಿಯುವಾಗ ಅವಸರ ಬೇಡ. ಮೇಲಿನ ಕಪ್ಪು ಸಿಪ್ಪೆಯನ್ನು ಬ್ಲೇಡಿನಿಂದ ಸುತ್ತ ಹಗುರವಾಗಿ ಗೀರಿ ತೆಗೆಯಿರಿ. ಒಳಗಿನ ಜಾಲರಿಯನ್ನು ಹಿಂದಕ್ಕೆ ಮಡಚಿ, ಒಂದು ಕಡೆಗೆ ಹೊಸೆಯಿರಿ. ಆಮೇಲೆ ಬಿಳಿ ಪ್ಲಾಸ್ಟಿಕ್ ಕತ್ತರಿಸಿ ನಡುವಿನ ಕಡ್ಡಿಯನ್ನು ಹೊರಗೆ ತನ್ನಿ. ಜಾಲರಿಯ ಕೂದಲೆಳೆಯಂಥ ಒಂದು ತಂತಿ ಈ ಕಡ್ಡಿಗೆ ತಾಗಿದರೂ ಮಾಡಿದ್ದೆಲ್ಲ ನೀರಲ್ಲಿ ಹೋಮ. ಬೆಳಕಿನಲ್ಲಿ ಹಿಡಿದು ನೋಡಿ. ಕಡ್ಡಿ ಒಂದು ತೋಳಿಗೆ, ಜಾಲರಿ ಇನ್ನೊಂದು ತೋಳಿಗೆ. ಬಿಗಿ ಮಾಡಿದ ಮೇಲೆ ನೀರು ಇಳಿಯದಂತೆ ಟೇಪ್ ಸುತ್ತಿ. ಕಿಟಕಿಯಿಂದ ಒಳಗೆ ತರುವ ಮುಂಚೆ ಕೇಬಲನ್ನು ಒಂದು ಸಲ ಕೆಳಗೆ ಜೋಲಿಸಿ. ಮಳೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಗೋಡೆ ನೆನೆಯುವುದಿಲ್ಲ.

ದಿಕ್ಕು ಬಹಳ ಮುಖ್ಯ. ಈ ಆಂಟೆನಾ ತೋಳುಗಳ ತುದಿಯ ಕಡೆಯಿಂದ ಕಡಿಮೆ, ಅಗಲದ ಕಡೆಯಿಂದ ಜಾಸ್ತಿ ಹಿಡಿಯುತ್ತದೆ. ದಾವಣಗೆರೆಗೆ ಚಿತ್ರದುರ್ಗ ಆಗ್ನೇಯದಲ್ಲಿದೆ. ಹಾಗಾಗಿ ಪೈಪ್ ಈಶಾನ್ಯದಿಂದ ನೈರುತ್ಯಕ್ಕೆ ಮಲಗಿರಬೇಕು. ಒಬ್ಬರು ತಾರಸಿಯಲ್ಲಿ ನಿಧಾನಕ್ಕೆ ತಿರುಗಿಸಲಿ, ಇನ್ನೊಬ್ಬರು ಕೆಳಗೆ ರಿಸೀವರ್ ಮುಂದೆ ಕೂತು ಫೋನಿನಲ್ಲಿ ಹೇಳಲಿ. ಮಲಗಿಸಿದಾಗ ಸಾಲದಿದ್ದರೆ ನೆಟ್ಟಗೆ ನಿಲ್ಲಿಸಿಯೂ ನೋಡಿ. ನೀರಿನ ಟ್ಯಾಂಕ್‌ನ ಕಬ್ಬಿಣದ ಸ್ಟ್ಯಾಂಡ್, ಸೋಲಾರ್ ಹೀಟರ್ ಇವುಗಳಿಂದ ದೂರವಿಡಿ. ಕರೆಂಟ್ ಲೈನ್ ಹತ್ತಿರ ಇರುವ ತಾರಸಿಯಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಇಷ್ಟಾದರೂ ಸಣ್ಣ ಬುಸ್ ಉಳಿದರೆ ರಿಸೀವರನ್ನು ಮೋನೊಗೆ (ಎರಡೂ ಸ್ಪೀಕರ್‌ನಲ್ಲಿ ಒಂದೇ ಸದ್ದು) ಹಾಕಿ. ಸ್ಟೀರಿಯೊಗೆ ಮೋನೊಗಿಂತ ಎಷ್ಟೋ ಪಾಲು ಜೋರಾದ ಸಿಗ್ನಲ್ ಬೇಕು. ವಾರ್ತೆ, ಕೃಷಿ ಕಾರ್ಯಕ್ರಮ ಕೇಳಲು ಮೋನೊ ಧಾರಾಳ. ಬುಸ್ ಬದಲು ಗರಗರ ಎಂದರೆ ಮನೆಯ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್‌ಗಳನ್ನು ಒಂದೊಂದಾಗಿ ಆರಿಸಿ ನೋಡಿ. ಕಳ್ಳ ಅಲ್ಲೇ ಸಿಗುತ್ತಾನೆ.

ಬೂಸ್ಟರ್ ಹಾಕಿ ಎಂದು ಅಂಗಡಿಯವರು ಹೇಳಬಹುದು. ರಿಸೀವರ್ ಪಕ್ಕದಲ್ಲಿ ಇಟ್ಟ ಬೂಸ್ಟರ್ ಸಿಗ್ನಲ್ ಜೊತೆ ಬುಸ್ ಸದ್ದನ್ನೂ ಹಿಗ್ಗಿಸುತ್ತದೆ. ಟವರ್ ಹತ್ತಿರವಿದ್ದರಂತೂ ಸಿಗ್ನಲ್ ಅತಿಯಾಗಿ ಒಂದು ಸ್ಟೇಷನ್ ಇನ್ನೊಂದರ ಮೇಲೆ ಬೀಳುತ್ತದೆ. ಆ ದುಡ್ಡಿನಲ್ಲಿ ಇನ್ನೊಂದು ಉದ್ದ ಪೈಪ್ ತಂದು ಆಂಟೆನಾ ಎತ್ತರಿಸಿ.

ಆಂಟೆನಾ ಎತ್ತರಿಸಲು ಕಬ್ಬಿಣದ ಪೈಪಿಗೆ ಕಟ್ಟಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಆ ಪೈಪಿಗೆ ಅರ್ಥಿಂಗ್ ಮಾಡಿಸಿ. ಏಪ್ರಿಲ್-ಮೇನಲ್ಲಿ ಸಂಜೆ ಗುಡುಗು ಕೇಳುವ ಮುಂಚೆಯೇ, ಮೋಡ ಕಟ್ಟುತ್ತಿದ್ದಂತೆ, ಆಂಟೆನಾ ಕೇಬಲನ್ನು ರಿಸೀವರ್‌ನಿಂದ ಬಿಚ್ಚಿ, ಕರೆಂಟ್ ಪ್ಲಗ್ಗನ್ನೂ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು.