ಹಿಮಾಲಯ ಹತ್ತುವ ಆಸೆ ಇದ್ದರೆ ಹೀಗೆ ಶುರು ಮಾಡಿ

ಆಫೀಸು, ಮನೆ, ಮತ್ತೆ ಆಫೀಸು. ಸಾಕಾಗಿದೆ ಅಲ್ವಾ? ಹಾಗಂತ ಕೆಲಸ ಬಿಡಬೇಡಿ, ಮೊದಲು ರಜೆ ಕೂಡಿಡಿ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ ಬೇಸಿಕ್ ಕೋರ್ಸ್ ಸುಮಾರು 28 ದಿನ. 1954ರಲ್ಲಿ ಶುರುವಾದ ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಯೂ ಕಲಿಸುತ್ತದೆ. ಸೀಟು ಬೇಗ ತುಂಬುತ್ತದೆ, ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಿ.

ಆಮೇಲೆ ಮೈ ಹದ ಮಾಡಿಕೊಳ್ಳಿ. ಸುಮ್ನೆ ಓಡಿದರೆ ಸಾಲದು, ಭಾರ ಹೊತ್ತು ಹತ್ತಬೇಕು. ನಾನು ಭಾನುವಾರ ಬೆಳಗಿನ ಜಾವ ಬ್ಯಾಗಿಗೆ ಹತ್ತು ಲೀಟರ್ ನೀರು ತುಂಬಿಕೊಂಡು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೆ, ನಂದಿ ಹತ್ತಿರ ಬರುವಷ್ಟರಲ್ಲಿ ತೊಡೆ ನಡುಗುತ್ತಿತ್ತು, ಆದರೂ ನಿಲ್ಲುತ್ತಿರಲಿಲ್ಲ. ಮೇಲೆ ಹೋದಮೇಲೆ ನೀರನ್ನು ಗಿಡಕ್ಕೆ ಸುರಿದುಬಿಡಿ. ಇಳಿಯುವಾಗ ಮಂಡಿಗೆ ಪೆಟ್ಟು ಜಾಸ್ತಿ. ಹೊಸ ಶೂ ಇದ್ದರೆ ಇಲ್ಲೇ ಹಾಕಿ ಪಳಗಿಸಿ.