ಬಾಟಲಿ ಮಳೆಮಾಪಕ: ನನ್ನ ಅನುಭವ

ಸರಾಸರಿ, ಘನಫಲ ಎರಡನ್ನೂ ಮಳೆ ಅಳೆಯುವ ಒಂದೇ ಬಾಟಲಿಯಿಂದ ಕಲಿಸುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ‘ಮೊದಲು ಸಿಲಬಸ್ ಮುಗಿಸಿ ಮೇಷ್ಟ್ರೇ’ ಅಂದರು ಹೆಡ್ ಮಾಸ್ಟರು. ನಮ್ಮದು ಚಿತ್ರದುರ್ಗದ ಕಡೆಯ ಹಳ್ಳಿ. ಮಳೆಯೇ ಬಾರದ ಊರಲ್ಲಿ ಏನು ಅಳೀತೀರಿ ಅನ್ನೋದು ಎಸ್‌ಡಿಎಂಸಿಯವರ (ಶಾಲಾಭಿವೃದ್ಧಿ ಸಮಿತಿ) ತಕರಾರು. ಈಗ ಅವರೇ ಬಿತ್ತನೆಗೆ ಮುಂಚೆ ಏಳನೇ ತರಗತಿಯ ಮಕ್ಕಳನ್ನು ನಿಲ್ಲಿಸಿ ‘ರಾತ್ರಿ ಎಷ್ಟು ಬಿತ್ತಪ್ಪಾ’ ಅಂತ ಕೇಳುತ್ತಾರೆ.

ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ಬೋರಲು ಮಾಡಿ ಆಲಿಕೆಯ ಹಾಗೆ ಕೆಳಭಾಗದ ಮೇಲೆ ಕೂರಿಸೋದು, ಅಷ್ಟೇ. ತೊಂದರೆ ಆಮೇಲೆ ಶುರು. ಕೂಲ್ ಡ್ರಿಂಕ್ ಬಾಟಲಿಯ ತಳ ಉಬ್ಬುತಗ್ಗು, ಹಾಗಾಗಿ ಕೆಳಗಿನ ಅಳತೆಯೆಲ್ಲ ಸುಳ್ಳು. ಜಲ್ಲಿ ತುಂಬಿದೆವು, ಸಂದಿಯಲ್ಲಿ ನೀರು ಕೂತಿತು. ಕೊನೆಗೆ ಯಾರದೋ ಮನೆ ಕಟ್ಟಿ ಉಳಿದ ಸಿಮೆಂಟು ತಂದು, ಕಲಸಿ ಸುರಿದು, ಮಟ್ಟ ಮಾಡಿದೆವು. ಗಾಳಿಗೆ ಬೀಳೋದೂ ನಿಂತಿತು. ಸೊಂಟ ಇಲ್ಲದ, ನೆಟ್ಟಗಿನ ಬಾಟಲಿಯನ್ನೇ ಹುಡುಕಿ. ಕಾಗದದ ಸ್ಕೇಲ್ ಒಂದೇ ಮಳೆಗೆ ಕಿತ್ತುಬಂತು. ಮಾರ್ಕರ್ ಗೆರೆ ಬಿಸಿಲಿಗೆ ಮಾಸಿತು. ಉಳಿದದ್ದು ನೇಲ್ ಪಾಲಿಶ್, ಅದೂ ಊದುಬತ್ತಿ ಕಡ್ಡಿ ತುದಿಯಿಂದ ಎಳೆದದ್ದು. ಈ ಐಡಿಯಾ ಹುಡುಗಿಯರದು.

ಇದಕ್ಕೂ ಮುಂಚೆ ಸುಮಾರು 1,200 ರೂಪಾಯಿ ಕೈಯಿಂದ ಹಾಕಿ ಒಂದು ರೆಡಿಮೇಡ್ ಮಾಪಕ ತಂದಿದ್ದೆ. ಅಂಗಳದಲ್ಲಿ ಇಟ್ಟರೆ ಮಕ್ಕಳು ಮುಟ್ಟಲು ಹೆದರಿದರು, ಮೇಕೆ ಹೆದರಲಿಲ್ಲ. ಬಾಟಲಿಗಳಿಗೆ ಎಲ್ಲಾ ಸೇರಿ 200 ರೂಪಾಯಿ ದಾಟಿರಲಿಕ್ಕಿಲ್ಲ.

ಪಾಠ ಹತ್ತಿದ್ದು ಬಾಟಲಿಗಳು ಮಕ್ಕಳ ಮನೆಗೆ ಹೋದ ಮೇಲೆ. ಬೆಳಿಗ್ಗೆ 8.30ಕ್ಕೆ ನೋಡಿ ಬರೆದುಕೊಂಡು ಬರಬೇಕು. ಹವಾಮಾನ ಇಲಾಖೆ ಲೆಕ್ಕ ಹಿಡಿಯೋದೂ ಅದೇ ಹೊತ್ತಿಗೆ. ಊರೊಳಗೆ 12 ಮಿ.ಮೀ., ಹಟ್ಟಿಯಲ್ಲಿ 19, ಕೆರೆ ಏರಿ ಹತ್ತಿರ 7. ‘ನಿಂದು ಸುಳ್ಳು’ ಅಂತ ಜಗಳ. ಹಾಗಾದ್ರೆ ಊರಿನ ಮಳೆ ಎಷ್ಟು ಅಂತ ಬೋರ್ಡ್ ಮೇಲೆ ಬರೆಯೋಣ? ಸರಾಸರಿ ಅಲ್ಲೇ ಹುಟ್ಟಿತು, ನಾನು ಸುಮ್ನೆ ಚಾಕ್‌ಪೀಸ್ ಹಿಡಿದು ನಿಂತಿದ್ದೆ. ಗ್ರಾಮ ಪಂಚಾಯಿತಿಯ ಟೆಲಿಮೆಟ್ರಿಕ್ (ತಾನೇ ಅಳೆದು ಅಂಕಿ ಕಳಿಸುವ) ಮಾಪಕದ ಅಂಕಿಗೂ ನಮ್ಮದಕ್ಕೂ ಹೆಚ್ಚಿನ ದಿನ ಎರಡು ಮೂರು ಮಿ.ಮೀ. ಅಷ್ಟೇ ವ್ಯತ್ಯಾಸ. ನೇಲ್ ಪಾಲಿಶ್ ಗೆರೆಗೆ ಇದು ಕಮ್ಮಿಯೇನಲ್ಲ, ಅಲ್ವಾ?

ಕಳ್ಳಾಟವೂ ಇತ್ತು. ಒಬ್ಬ ಒಣ ರಾತ್ರಿಯಲ್ಲಿ 47 ಮಿ.ಮೀ. ‘ಮಳೆ’ ತಂದ. ಚೊಂಬಿನಿಂದ ಸುರಿದ ನೀರನ್ನು ಹೇಗೆ ಹಿಡಿಯುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ. ನಮ್ಮ ಮಕ್ಕಳೂ ಇದನ್ನು ಓದುತ್ತಾರೆ.

ಘನಫಲಕ್ಕೆ ಶಾಲೆಯ ಚಾವಣಿ ಸಾಕು. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಬಿದ್ದರೆ ಒಂದು ಲೀಟರ್. ಮಕ್ಕಳು ಹಗ್ಗ ಹಿಡಿದು ಅಳೆದರು, ಸುಮಾರು 110 ಚದರ ಮೀಟರ್ ಬಂತು. 20 ಮಿ.ಮೀ. ಮಳೆಗೆ 2,200 ಲೀಟರ್. ‘ಮತ್ತೆ ಬಿಸಿಯೂಟದ ತಟ್ಟೆ ತೊಳೆಯೋಕೆ ನೀರಿಲ್ಲ ಅಂತೀರಲ್ಲ ಸಾರ್?’ ಅಂದಳು ಒಬ್ಬಳು. ಆ ಪ್ರಶ್ನೆಯನ್ನು ಹಾಗೇ ಎಸ್‌ಡಿಎಂಸಿ ಸಭೆಗೆ ಸಾಗಿಸಿದೆ. ಪೈಪಿಗೂ ಡ್ರಮ್ಮಿಗೂ ಅಲ್ಲೇ ದುಡ್ಡು ಎದ್ದಿತು.

ಇದರ ನಡುವೆ ಇನ್ನೊಂದು ಹುಚ್ಚು ಹತ್ತಿತು. ಹದ ಮಳೆ, ಅಂದ್ರೆ ಬಿತ್ತನೆಗೆ ನೆಲ ಹದವಾಗುವಷ್ಟು ಮಳೆ, ಎಷ್ಟು ಮಿ.ಮೀ.? ಮಳೆ ನಿಂತ ಮೇಲೆ ಮಕ್ಕಳು ಹೊಲ ಅಗೆದು, ಎಷ್ಟು ಆಳ ನೆನೆದಿದೆ ಅಂತ ಸ್ಕೇಲ್ ಇಟ್ಟು ನೋಡಿದರು. 25ರ ಹತ್ತಿರದ ಮಳೆಗೆ ಕೆಂಪು ಹೊಲ ಗೇಣಿಗೆ ಸ್ವಲ್ಪ ಕಮ್ಮಿ ನೆನೆದಿತ್ತು. ಅದೇ ಮಳೆಗೆ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಅದರ ಅರ್ಧ ಇರಬಹುದು ಅಷ್ಟೇ. ಹಾಗಾಗಿ ಕೆಂಪು ಹೊಲಕ್ಕೆ 25 ಅಂತ ಮಕ್ಕಳು ತೀರ್ಪು ಕೊಟ್ಟರು. ಅಜ್ಜಂದಿರು ಒಪ್ಪಲಿಲ್ಲ. ರೋಹಿಣಿ ಮಳೆಯ 25 ಬೇರೆ, ಕಾದ ನೆಲ ಕುಡಿದುಬಿಡುತ್ತದೆ, ಆರಿದ್ರೆ ಮಳೆಯ 25 ಬೇರೆ ಅನ್ನೋದು ಅವರ ವಾದ. ಈ ಸಲ ಎರಡು ಮಳೆಗೂ ಬೇರೆ ಬೇರೆ ಪುಸ್ತಕ ಇಟ್ಟಿದ್ದೇವೆ.