ಮಗುವಿನ ಡಬ್ಬಿ ಹಾಲು ಅಂಗಡೀಲಿ ಸಿಗ್ತಿಲ್ಲ ಅಂದ್ರೆ ಎಂತ ಮಾಡೋದು? ಮಲೆನಾಡಿನ ಅಪ್ಪ ಅಮ್ಮಂದಿರಿಗೆ

ಡಬ್ಬಿ ತಳ ಕಾಣ್ತಿದೆ, ಮೆಡಿಕಲ್‌ನವ್ರು ಸ್ಟಾಕ್ ಇಲ್ಲ ಲೈನ್ ಗಾಡಿ ಬಂದ್ಮೇಲೆ ನೋಡಣ ಅಂತಿದಾರೆ, ಮನೇಲಿ ಮೂರು ತಿಂಗಳ ಮಗು. ಇಂಥ ಪರಿಸ್ಥಿತೀಲಿ ಇರೋರು ಇದನ್ನ ಓದ್ತಿದ್ರೆ ಮೊದಲು ಒಂದು ಮಾತು ತಲೇಲಿ ಇಟ್ಕೊಳ್ಳಿ, ಇರೋ ಪುಡಿ ಇನ್ನೆರಡು ದಿನ ಜಾಸ್ತಿ ಬರ್ಲಿ ಅಂತ ನೀರು ಹೆಚ್ಚು ಹಾಕಿ ಕಲಸ್ಬೇಡಿ. ಬ್ರ್ಯಾಂಡ್ ಬದಲಾಯಿಸ್ಬೋದು, ಅಂಗಡಿ ಬದಲಾಯಿಸ್ಬೋದು, ಶಿವಮೊಗ್ಗದಿಂದ ಬಸ್ಸಿಗೆ ಹಾಕಿಸ್ಕೋಬೋದು, ಅಳತೆ ಮಾತ್ರ ಬದಲಾಯಿಸೋ ಹಾಗಿಲ್ಲ. ತೆಳ್ಳಗೆ ಮಾಡಿದ್ರೆ ಮಗು ಹೊಟ್ಟೆ ತುಂಬಿದಂಗೆ ಮಲ್ಕೊಳುತ್ತೆ, ಆದ್ರೆ ಅಷ್ಟು ನೀರನ್ನ ಹೊರಗೆ ಹಾಕೋ ಶಕ್ತಿ ಆ ಪುಟ್ಟ ಕಿಡ್ನಿಗೆ ಇರಲ್ಲ, ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರೋ ತನಕ ಹೋಗ್ಬೋದು. ಪುಡಿ ಜಾಸ್ತಿ ಹಾಕಿ ಗಟ್ಟಿ ಮಾಡೋದೂ ಅಷ್ಟೇ ಕೆಟ್ಟದ್ದು.

ನಮ್ಮ ಕಡೆ ಇದು ದೊಡ್ಡ ಊರಿಗಿಂತ ಬೇಗ ತಟ್ಟುತ್ತೆ. ಹೊಸನಗರ ತಾಲ್ಲೂಕಿನ ನಗರ, ನಿಟ್ಟೂರು, ಸಾಗರ ತಾಲ್ಲೂಕಿನ ತುಮರಿ ಅಂಥ ಸಣ್ಣ ಊರಲ್ಲಿ ಮೆಡಿಕಲ್ ಇರೋದೇ ಒಂದೋ ಎರಡೋ, ಅವ್ರು ಒಂದೊಂದು ಸ್ಟೇಜಿನ (ಮಗು ವಯಸ್ಸಿಗೆ ತಕ್ಕ ನಂಬರಿನ) ಪ್ಯಾಕೆಟ್ ಎರಡು ಮೂರು ಇಟ್ಟಿರ್ತಾರೆ, ಯಾರಾದ್ರೂ ಹೆದರ್ಕೊಂಡು ಒಟ್ಟಿಗೆ ತಗೊಂಡ್ರೆ ಅಲ್ಲಿಗೆ ಖಾಲಿ. ಜುಲೈ ಆಗಸ್ಟಲ್ಲಿ ಆಗುಂಬೆ ಘಾಟಿ, ಹುಲಿಕಲ್ ಘಾಟಿ ಕಡೆ ಗುಡ್ಡ ಜರಿದ್ರೆ ಗಾಡಿ ನಿಲ್ಲುತ್ತೆ, ಮರ ಬಿದ್ರೆ ಕರೆಂಟೂ ಇರಲ್ಲ. ತಿಂಗಳು ತುಂಬದೆ ಹುಟ್ಟಿದ ಮಕ್ಕಳ ಪೌಡರ್, ಸೋಯಾದ್ದು, ಲ್ಯಾಕ್ಟೋಸ್ ಇಲ್ಲದ್ದು ಇವೆಲ್ಲ ಸಣ್ಣ ಊರಲ್ಲಿ ಮೊದಲಿಂದಾನೂ ಆರ್ಡರ್ ಕೊಟ್ರೆ ಮಾತ್ರ ಬರೋದು.

ಅದಕ್ಕೆ ದಿನದ ಲೆಕ್ಕ ಗೊತ್ತಿರ್ಬೇಕು. ಬರೀ ಡಬ್ಬಿ ಹಾಲಲ್ಲೇ ಇರೋ ಆರು ತಿಂಗಳೊಳಗಿನ ಮಗುಗೆ ಸುಮಾರಾಗಿ ಒಂದು ಕೆಜಿ ತೂಕಕ್ಕೆ ದಿನಕ್ಕೆ 150 ಎಂಎಲ್ ಹಾಲು ಬೇಕು. 400 ಗ್ರಾಂ ಪ್ಯಾಕೆಟಲ್ಲಿ ಹೆಚ್ಚು ಕಡಿಮೆ 3 ಲೀಟರ್ ಹಾಲು ಆಗುತ್ತೆ. ಅಂದ್ರೆ 5 ಕೆಜಿ ಮಗುಗೆ ದಿನಕ್ಕೆ 750 ಎಂಎಲ್, ಒಂದು ಪ್ಯಾಕೆಟ್ ನಾಲ್ಕು ದಿನ, ಅಷ್ಟೇ. ಈ ಲೆಕ್ಕ ಗೊತ್ತಿದ್ರೆ ಡಬ್ಬಿ ಅರ್ಧ ಇರೋವಾಗ್ಲೇ ಹುಡುಕೋಕೆ ಶುರು ಮಾಡ್ತೀರ, ತಳ ಕೆರೆಯೋವಾಗ ಅಲ್ಲ. ಮಳೆಗಾಲದಲ್ಲಿ ಎರಡು ವಾರಕ್ಕಾಗೋಷ್ಟು ಮನೇಲಿ ಇದ್ರೆ ಸಾಕು, ಅದಕ್ಕಿಂತ ಜಾಸ್ತಿ ತುಂಬಿಡ್ಬೇಡಿ ದಯವಿಟ್ಟು, ಪಕ್ಕದ ಊರಲ್ಲೂ ಒಂದು ಮಗು ಅದೇ ಪ್ಯಾಕೆಟ್‌ಗೆ ಕಾಯ್ತಿರುತ್ತೆ. ಒಡೆದ ಪ್ಯಾಕೆಟ್ ಒಂದು ತಿಂಗಳೊಳಗೆ ಮುಗಿಸ್ಬೇಕು, ನಮ್ಮ ಥಂಡಿಗೆ ಪುಡಿ ಬೇಗ ಗಂಟು ಕಟ್ಟುತ್ತೆ, ಗಾಳಿ ಆಡದ ಒಣ ಡಬ್ಬೀಲಿ ಇಡಿ, ಫ್ರಿಜ್ಜಲ್ಲಿ ಬೇಡ, ಒದ್ದೆ ಚಮಚ ಹಾಕ್ಲೇಬೇಡಿ.

ಈಗ ಬ್ರ್ಯಾಂಡ್ ವಿಷಯ. ತುಂಬ ಜನ ಡಾಕ್ಟ್ರು ಬರೆದ ಹೆಸರು ಬಿಟ್ಟು ಬೇರೆ ಕೊಟ್ರೆ ಏನಾಗುತ್ತೋ ಅಂತ ಹೆದರ್ತಾರೆ. ಮಗುಗೆ ಯಾವ ಅಲರ್ಜಿನೂ ಇಲ್ಲ, ತಿಂಗಳು ತುಂಬಿ ಹುಟ್ಟಿದೆ ಅಂದ್ರೆ ಲ್ಯಾಕ್ಟೋಜೆನ್, ನ್ಯಾನ್, ಡೆಕ್ಸೊಲ್ಯಾಕ್, ಸಿಮಿಲ್ಯಾಕ್, ಆಪ್ಟಮಿಲ್ ಹಿಂಗೆ ಸಾಮಾನ್ಯವಾದ ಯಾವುದರ ಒಂದನೇ ಸ್ಟೇಜ್ ಆದ್ರೂ ಕೊಡ್ಬೋದು, ಯಾಕಂದ್ರೆ ಇವೆಲ್ಲಕ್ಕೂ ಪ್ರೋಟೀನ್, ಕೊಬ್ಬು, ವಿಟಮಿನ್ ಎಷ್ಟಿರ್ಬೇಕು ಅಂತ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ಮಾಡಿರೋ ನಿಯಮ ಒಂದೇ. ಎರಡು ಮೂರು ದಿನ ಕಕ್ಕ ಬಣ್ಣ ಬದಲಾಗ್ಬೋದು, ಸ್ವಲ್ಪ ಗಟ್ಟಿಯಾಗ್ಬೋದು, ಅದಕ್ಕೆ ಗಾಬರಿ ಬೇಡ. ಹೊಸ ಪ್ಯಾಕೆಟ್ಟಿನ ಅಳತೆ ಚಮಚಾನೇ ಬಳಸಿ, ಹಳೇ ಡಬ್ಬಿ ಚಮಚ ಅಲ್ಲ, ಕಂಪ್ನಿಯಿಂದ ಕಂಪ್ನಿಗೆ ಚಮಚದ ಸೈಜ್ ಬೇರೆ ಇರುತ್ತೆ, ಪ್ಯಾಕೆಟ್ ಹಿಂದೆ ಒಂದು ಚಮಚಕ್ಕೆ ಎಷ್ಟು ಎಂಎಲ್ ನೀರು ಅಂತ ಬರೆದಿರೋದನ್ನ ಓದಿ ಆಮೇಲೆ ಕಲಸಿ. ಸ್ಟೇಜ್ ಬಗ್ಗೆ ಒಂದು ಉಪಯೋಗದ ವಿಷಯ ಹೇಳ್ತೀನಿ, ಆರು ತಿಂಗಳು ದಾಟಿದ ಮಗುಗೆ ಎರಡನೇ ಸ್ಟೇಜ್ ಸಿಗ್ಲಿಲ್ಲ ಅಂದ್ರೆ ಒಂದನೇ ಸ್ಟೇಜೇ ಕೊಡ್ತಾ ಹೋಗ್ಬೋದು, ಒಂದು ವರ್ಷದವರೆಗೂ ತೊಂದ್ರೆ ಇಲ್ಲ. ಉಲ್ಟಾ ಮಾತ್ರ ಮಾಡ್ಬೇಡಿ, ಆರು ತಿಂಗಳೊಳಗಿನ ಮಗುಗೆ ಎರಡು, ಮೂರನೇ ಸ್ಟೇಜ್ ಬೇಡ. ಸ್ಪೆಷಲ್ ಪೌಡರ್ ಮೇಲಿರೋ ಮಗು ಆದ್ರೆ ನೀವಾಗೇ ಏನೂ ಬದಲಾಯಿಸ್ದೆ ಡಾಕ್ಟ್ರಿಗೆ ಫೋನ್ ಮಾಡಿ.

ಹುಡುಕೋದು ಎಲ್ಲಿ ಅಂದ್ರೆ, ಅಲೆದಾಡೋಕ್ ಮುಂಚೆ ಫೋನ್. ಪ್ಯಾಕೆಟ್ಟಿನ ಎರಡೂ ಬದಿ ಫೋಟೋ ತೆಗ್ದು ಇಟ್ಕೊಳ್ಳಿ, ಹೆಸರು ಹೇಳಿದ್ರೆ ಸ್ಟೇಜ್ ತಪ್ಪುತ್ತೆ, ಫೋಟೋ ಕಳಿಸಿದ್ರೆ ತಪ್ಪಲ್ಲ. ಶಿವಮೊಗ್ಗದಲ್ಲಿ ದುರ್ಗಿಗುಡಿ ಸುತ್ತಮುತ್ತ, ಮೆಗ್ಗಾನ್ ಆಸ್ಪತ್ರೆ ಆಸುಪಾಸಿನ ಮೆಡಿಕಲ್‌ಗಳು, ಮಕ್ಕಳ ಡಾಕ್ಟ್ರ ಕ್ಲಿನಿಕ್ ಪಕ್ಕದ ಮೆಡಿಕಲ್‌ಗಳು ಇವುಗಳಲ್ಲಿ ಸಿಗೋ ಚಾನ್ಸ್ ಜಾಸ್ತಿ. ಸಾಗರ, ತೀರ್ಥಹಳ್ಳಿ, ಭದ್ರಾವತೀಲಿ ನೆಂಟ್ರಿದ್ರೆ ಅವ್ರಿಗೂ ಹೇಳಿ. ಸಿಕ್ಕಿದ್ರೆ ಬಸ್ಸಿಗೆ ಹಾಕಿಸಿ, ನಮ್ಮೂರಿಗೆ ಅಡಿಕೆ ಔಷಧಿಯಿಂದ ಮದುವೆ ಕಾರ್ಡಿನ ತನಕ ಎಲ್ಲ ಬಸ್ಸಲ್ಲೇ ಬರೋದು, ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋನೂ ಇದೆ. ಆನ್‌ಲೈನಲ್ಲಿ ನಿಮ್ಮ ಪಿನ್‌ಕೋಡಿಗೆ ಬರಲ್ಲ ಅಂತ ತೋರಿಸಿದ್ರೆ ಶಿವಮೊಗ್ಗದ ನೆಂಟ್ರ ಅಡ್ರೆಸ್ ಹಾಕಿ ಅಲ್ಲಿಂದ ತರಿಸ್ಕೊಳ್ಳಿ. ಒಡೆದ ಡಬ್ಬಿ, ಸೀಲ್ ಕಿತ್ತಿದ್ದು, ಡೇಟ್ ಮುಗಿದಿದ್ದು ಎಷ್ಟೇ ಕಷ್ಟ ಇದ್ರೂ ತಗೋಬೇಡಿ. ಮತ್ತೆ ಯಾರಾದ್ರೂ ಭಾರೀ ಆಫರ್ ಅಂತ ಮಾರ್ತಿದ್ರೆ ಅನುಮಾನ ಪಡಿ, 1992ರ ಕಾಯ್ದೆ ಪ್ರಕಾರ ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿಗೆ ಜಾಹೀರಾತು, ಆಫರ್, ಫ್ರೀ ಸ್ಯಾಂಪಲ್ ಏನೂ ಕೊಡೋ ಹಾಗಿಲ್ಲ.

ಇನ್ನು ಮನೆ ಹಿರಿಯರ ಮಾತು. ನಾವೆಲ್ಲ ಕೊಟ್ಟಿಗೆ ಹಾಲು ಕುಡ್ದೇ ಬೆಳೆದಿದ್ದು, ದನದ ಹಾಲಿಗೆ ನೀರು ಬೆರೆಸಿ ಕೊಡು ಅಂತಾರೆ, ಪ್ರೀತಿಯಿಂದಾನೇ ಹೇಳೋದು. ಆದ್ರೆ ಆರು ತಿಂಗಳೊಳಗಿನ ಮಗುಗೆ ಡಾಕ್ಟ್ರು ಹೇಳ್ದೆ ದನದ ಹಾಲು, ಎಮ್ಮೆ ಹಾಲು, ಆಡಿನ ಹಾಲು ಯಾವುದೂ ಬೇಡ. ದನದ ಹಾಲಲ್ಲಿ ಪ್ರೋಟೀನು ಉಪ್ಪಿನಂಶ ಜಾಸ್ತಿ, ಕಬ್ಬಿಣ ಕಮ್ಮಿ, ಕೆಲವು ಮಕ್ಕಳಿಗೆ ಕರುಳಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಸೋರಿ ರಕ್ತಹೀನತೆ ಆಗುತ್ತೆ. ಬೀದೀಲಿ ಮಾರ್ಕೊಂಡು ಬರೋ ಕತ್ತೆ ಹಾಲಂತೂ ಹಸೀದೇ ಕುಡಿಸ್ತಾರೆ, ಬೇಡವೇ ಬೇಡ. ಕ್ಷೀರಭಾಗ್ಯದ ಹಾಲಿನ ಪುಡಿ, ಟೀಗೆ ಹಾಕೋ ಹಾಲಿನ ಪುಡಿ ಇವು ನೋಡೋಕೆ ಒಂದೇ ತರ ಇದ್ರೂ ಮಗುವಿನ ಫಾರ್ಮುಲಾ (ಡಬ್ಬಿ ಹಾಲು) ಅಲ್ಲ, ಮಿಲ್ಕ್‌ಮೇಡೂ ಅಲ್ಲ. ಬಾದಾಮಿ ಹಾಲು, ಅಕ್ಕಿ ಗಂಜಿ ತಿಳಿ, ಸಕ್ಕರೆ ನೀರು ಬೇಡ, ಜೇನುತುಪ್ಪ ಒಂದು ವರ್ಷದವರೆಗೂ ನಾಲಿಗೆಗೂ ಸವರ್ಬೇಡಿ.

ಆರು ತಿಂಗಳು ದಾಟಿದ್ರೆ ಸ್ವಲ್ಪ ಉಸಿರಾಡ್ಬೋದು. ಪೌಡರ್ ಸಿಗೋ ತನಕ ಕೆಲವು ದಿನದ ಮಟ್ಟಿಗೆ ಚೆನ್ನಾಗಿ ಕುದಿಸಿದ, ನೀರು ಬೆರೆಸದ ದನದ ಹಾಲು ಕೊಡ್ಬೋದು, ಡಾಕ್ಟ್ರಿಗೆ ಒಂದು ಮಾತು ಕೇಳಿ ಕೊಡಿ. ಜೊತೆಗೆ ರಾಗಿ ಸರಿ, ತೊವ್ವೆ ಅನ್ನಕ್ಕೆ ತುಪ್ಪ, ಬೇಯಿಸಿ ಕಿವುಚಿದ ಸೊಪ್ಪು, ಬಾಳೆಹಣ್ಣು, ತಿನ್ನೋರಾದ್ರೆ ಮೊಟ್ಟೆ. ಕಬ್ಬಿಣದ ಸಿರಪ್ಪಿಗೆ ಆಶಾ ಕಾರ್ಯಕರ್ತೆಯನ್ನ ಕೇಳಿ.

ಎದೆಹಾಲು ಕಮ್ಮಿಯಾಗಿ ಅಥವಾ ನಿಂತು ಡಬ್ಬಿಗೆ ಬಂದಿರೋ ತಾಯಂದಿರಿಗೆ ಒಂದು ವಿಷಯ ಹೇಳ್ಬೇಕು, ಬೇಜಾರು ಮಾಡ್ಕೋಬೇಡಿ, ಯಾರ ತಪ್ಪೂ ಅಲ್ಲ. ನಿಂತ ಹಾಲು ಎಷ್ಟೋ ಜನಕ್ಕೆ ಮತ್ತೆ ಬರುತ್ತೆ. ಮಗೂನ ಬರೀ ಮೈಗೆ ಅಪ್ಕೊಂಡು ಎರಡು ಮೂರು ಗಂಟೆಗೊಮ್ಮೆ, ರಾತ್ರಿನೂ, ಎರಡೂ ಕಡೆ ಚೀಪಿಸ್ಬೇಕು. ಹಾಲಿಲ್ಲ ಅಂತ ಮಗು ಸಿಟ್ಟು ಮಾಡಿದ್ರೆ ಕಲಸಿದ ಫಾರ್ಮುಲಾನ ಎದೆ ಮೇಲಿಂದ ಹನಿ ಹನಿಯಾಗಿ ಬಿಟ್ರೆ ಚೀಪ್ತಾ ಇರುತ್ತೆ, ಹಂಗೆ ಚೀಪಿದಷ್ಟೂ ಹಾಲು ಇಳಿಯೋಕೆ ಶುರುವಾಗುತ್ತೆ. ಇದಕ್ಕೆ ದಿನಗಳು, ಕೆಲವರಿಗೆ ವಾರಗಳು ಬೇಕು, ಅಲ್ಲಿ ತನಕ ಡಬ್ಬಿ ಹಾಲು ನಿಲ್ಲಿಸ್ಬೇಡಿ. ಮನೆಯವ್ರು ಆ ತಾಯಿಗೆ ಬೇರೆ ಕೆಲಸ ಹಚ್ಬಾರ್ದು, ಇದು ನನ್ನ ಖಂಡಿತ ಅಭಿಪ್ರಾಯ. ಬೇರೆ ತಾಯಿ ಹಾಲು ಪರೀಕ್ಷೆ ಇಲ್ದೆ ಕೊಡ್ಬೇಡಿ, ಸೋಂಕು ದಾಟ್ಬೋದು. ಮಂಗಳೂರಿನ ಲೇಡಿ ಗೋಶನ್, ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಗಳಲ್ಲಿ ಎದೆಹಾಲಿನ ಬ್ಯಾಂಕ್ ಇದೆ, ಆದ್ರೆ ಅದು ಮುಖ್ಯವಾಗಿ ಐಸಿಯುನಲ್ಲಿರೋ ಮಕ್ಕಳಿಗೆ.

ಇರೋ ಪುಡಿ ಹಾಳಾಗದಂಗೆ ಕಲಸೋದೂ ಮುಖ್ಯ. ಮಳೆಗಾಲದಲ್ಲಿ ಬಾವಿ ನೀರು, ಅಬ್ಬಿ ನೀರು ಕೆಂಪಾಗಿ ಬರುತ್ತೆ, ಸೋಸಿ ಕೊತಕೊತ ಕುದಿಸಿ, ಇಳಿಸಿ ಅರ್ಧ ಗಂಟೆ ಒಳಗೇ ಕಲಸಿ, ನೀರು 70 ಡಿಗ್ರಿಗಿಂತ ಬಿಸಿ ಇದ್ರೆ ಪುಡೀಲಿ ಇರ್ಬೋದಾದ ರೋಗಾಣು ಸಾಯುತ್ತೆ. ಆಮೇಲೆ ತಣ್ಣೀರಲ್ಲಿ ಇಟ್ಟು ಆರಿಸಿ ಮಣಿಕಟ್ಟಿಗೆ ಹಾಕಿ ನೋಡಿ ಕುಡಿಸಿ. ಒಂದ್ಸಲಕ್ಕೆ ಮಗು ಕುಡಿಯೋಷ್ಟೇ ಮಾಡಿ, ಕಲಸಿ ಎರಡು ಗಂಟೆ ಆದ ಹಾಲು, ಬಾಯಿ ಹಾಕಿ ಬಿಟ್ಟ ಹಾಲು ಚೆಲ್ಲಲೇಬೇಕು, ಅದಕ್ಕೇ 60 ಎಂಎಲ್ ಮಾಡಿ ಬೇಕಾದ್ರೆ ಮತ್ತೆ 30 ಮಾಡೋದು ಒಳ್ಳೇದು. ಬಾಟ್ಲಿ ತೊಳೆದು ಕುದಿಸೋಕೆ ಕಷ್ಟ ಆದ್ರೆ ಒಳಲೇಲಿ (ಮೂತಿ ಇರೋ ಸಣ್ಣ ಬಟ್ಟಲಲ್ಲಿ) ಇಲ್ಲಾ ಸಣ್ಣ ಲೋಟ ಚಮಚದಲ್ಲಿ ಕುಡಿಸಿ, ತೊಳೆಯೋದು ಸುಲಭ.

ಮಗು ಮಂಕಾಗಿ ಎಬ್ಬಿಸಿದ್ರೂ ಏಳ್ತಿಲ್ಲ, ಬಾಯಿ ಒಣಗಿದೆ, ನೆತ್ತಿ ಒಳಗೆ ಹೋಗಿದೆ, ದಿನಕ್ಕೆ ಆರು ಸಲಕ್ಕಿಂತ ಕಮ್ಮಿ ಉಚ್ಚೆ ಮಾಡ್ತಿದೆ, ಫಿಟ್ಸ್ ತರ ಕೈಕಾಲು ಅದುರ್ತಿದೆ ಅಂದ್ರೆ ಅಂಗಡಿ ಹುಡುಕ್ತಾ ಕೂರ್ಬೇಡಿ. 108ಕ್ಕೆ ಫೋನ್ ಮಾಡಿ, ಹತ್ರದ ತಾಲ್ಲೂಕು ಆಸ್ಪತ್ರೆ ಇಲ್ಲಾ ಮೆಗ್ಗಾನ್‌ಗೆ ಹೋಗಿ, ನೀವು ಕೊಡ್ತಿದ್ದ ಪುಡಿ ಪ್ಯಾಕೆಟ್ಟು ಅದರ ಚಮಚ ಎರಡೂ ಜೊತೆಗೆ ತಗೊಂಡ್ಹೋಗಿ, ಯಾವುದು ಎಷ್ಟು ಅಳತೇಲಿ ಕೊಟ್ರಿ ಅಂತ ಡಾಕ್ಟ್ರು ಮೊದಲು ಕೇಳೋದು ಅದನ್ನೇ.